ಎಲ್ಲೋರದಲ್ಲಿ ಒಂದು ಸಂಜೆಯ ಬೆಳಕು



ರಾಜ್ಯೋತ್ಸವದ ದಿನ ನಮ್ಮ ಸಂಘದ ಸಭಾಗೃಹದಲ್ಲಿ ನಡೆದ ಛಾಯಾಚಿತ್ರ ಪ್ರದರ್ಶನವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎಲ್ಲೋರದ ಕೈಲಾಸ ದೇವಾಲಯದ ಹನ್ನೆರಡು ಕಪ್ಪು-ಬಿಳುಪು ಚಿತ್ರಗಳು. “ರಾವಣನ ಮುಖವೇ ಸರಿಯಾಗಿ ಕಾಣುವುದಿಲ್ಲವಲ್ಲ, ಫ್ಲ್ಯಾಶ್ ಹಾಕಬಾರದಿತ್ತೇ?” ಎಂದು ಕೇಳಿದವರೂ ಉಂಟು. ಆ ಚಿತ್ರ ತೆಗೆಯುವಾಗ ನಾನು ಜೊತೆಯಲ್ಲಿದ್ದೆ. ಆದ್ದರಿಂದ ಉತ್ತರ ಹೇಳುವ ಹೊಣೆಯನ್ನು ನಾನೇ ಹೊತ್ತುಕೊಂಡಿದ್ದೇನೆ.

ಛಾಯಾಗ್ರಾಹಕ ನಿಮ್ಮ ಹಾಗೆಯೇ ಪುಣೆಯಲ್ಲಿ ಹುಟ್ಟಿ ಬೆಳೆದವನು. ಮದುವೆ, ಮುಂಜಿವೆ, ಕಾರ್ಖಾನೆಗಳ ಕ್ಯಾಟಲಾಗು ಅವನ ಹೊಟ್ಟೆಪಾಡು. ತಂದೆ ಧಾರವಾಡದ ಕಡೆಯಿಂದ ನೌಕರಿಗೆಂದು ಬಂದವರು. ಕಳೆದ ಮಾರ್ಚ್ ತಿಂಗಳಲ್ಲಿ ಒಂದು ದಿನ, “ಕಾಕಾ, ಎಲ್ಲೋರಕ್ಕ ಹೋಗೂಣ ಬರ್ರಿ” ಎಂದ. ರಾತ್ರಿ ಬಸ್ಸು ಹಿಡಿದು ಔರಂಗಾಬಾದಿಗೆ ಬಂದೆವು. 2023ರಿಂದ ಅದರ ಹೆಸರು ಛತ್ರಪತಿ ಸಂಭಾಜಿನಗರ. ಅಲ್ಲಿಂದ ಎಲ್ಲೋರ ಸುಮಾರು 30 ಕಿಲೋಮೀಟರು.

ಕೈಲಾಸ ಅಲ್ಲಿಯ 16ನೇ ಗುಹೆ. ಗುಹೆ ಎನ್ನುವುದು ಹೆಸರಿಗೆ ಮಾತ್ರ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದಲ್ಲ. ಇಡೀ ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದು ಬಿಡಿಸಿದ ದೇಗುಲ. 8ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಮಾಡಿಸಿದ್ದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ನೋಡಿದ್ದರೆ ಅದರ ಹೋಲಿಕೆ ಇಲ್ಲಿ ನಿಮಗೆ ತಾನಾಗಿಯೇ ಕಾಣುತ್ತದೆ. ಬರೋಡಾದಲ್ಲಿ ದೊರೆತ ರಾಷ್ಟ್ರಕೂಟರ ತಾಮ್ರಶಾಸನವೊಂದು, ಇದನ್ನು ಮಾಡಿದ ಶಿಲ್ಪಿಯೇ ‘ನಾನು ಇದನ್ನು ಹೇಗೆ ಮಾಡಿದೆ’ ಎಂದು ಬೆರಗಾದನೆಂದು ವರ್ಣಿಸುತ್ತದೆ.

ಬೆಳಿಗ್ಗೆಯೆಲ್ಲ ನಮ್ಮ ಹುಡುಗ ಕ್ಯಾಮೆರಾವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ದೇವಾಲಯದ ಮುಖ ಪಶ್ಚಿಮಕ್ಕೆ. ಹಿಂದೆ, ಪೂರ್ವಕ್ಕೆ, ಎತ್ತರದ ಬಂಡೆ. ಬೆಳಗಿನ ಹೊತ್ತು ಅಂಗಳದ ತುಂಬ ಅದರ ನೆರಳು. ಮಧ್ಯಾಹ್ನದ ಬುತ್ತಿ ಬಿಚ್ಚಿ, ಊಟ ಮುಗಿಸಿ, ನಾಲ್ಕು ಗಂಟೆಯವರೆಗೆ ಕಾದೆವು. ಆಗ ದಕ್ಷಿಣದ ಗೋಡೆಯನ್ನು ಬಿಸಿಲು ಓರೆಯಾಗಿ ಸವರತೊಡಗಿತು. ಅದುವರೆಗೆ ಬರೀ ಕಪ್ಪಾಗಿದ್ದ ಕಲ್ಲಿನಲ್ಲಿ ಕೈ, ಕಾಲು, ಸೊಂಟದ ಪಟ್ಟಿ ಒಂದೊಂದಾಗಿ ಎದ್ದು ಬಂದವು.

ಅಲ್ಲಿಯೇ ಕೆಳಗೆ, ಆಳವಾಗಿ ಕಡೆದ ಪೊಳ್ಳಿನಲ್ಲಿ ರಾವಣ ಕೈಲಾಸವನ್ನು ಅಲುಗಿಸುತ್ತಿದ್ದಾನೆ. ಮೇಲೆ ಪಾರ್ವತಿ ಬೆದರಿ ಶಿವನ ತೋಳು ಹಿಡಿದಿದ್ದಾಳೆ. ಸಖಿಯೊಬ್ಬಳು ಓಡುತ್ತಿದ್ದಾಳೆ. ಶಿವ ಮಾತ್ರ ನಿಶ್ಚಿಂತ.

“ಫ್ಲ್ಯಾಶ್ ಹೊಡದ್ರ ಎದುರಿನಿಂದ ಬೆಳಕು ಬಿದ್ದು ನೆರಳೆಲ್ಲಾ ಸಾಯ್ತಾವ್ರಿ ಕಾಕಾ. ರಾವಣ ಗ್ವಾಡಿಗೆ ಹಚ್ಚಿದ ಕಾಗದ ಆಗ್ತಾನ. ಶಿಲ್ಪಿ ಕತ್ತಲಿ ಬೇಕಂತನ ಅಷ್ಟು ಒಳಗ ಕಡದಾನ” ಎಂದ. ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟ. ಕಪ್ಪು ಕಲ್ಲು ಕಂಡರೆ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸಿ ಅದನ್ನು ಬೂದು ಮಾಡುತ್ತದೆ. ಆದ್ದರಿಂದ ಬೆಳಕನ್ನು ನಾವೇ ಒಂದು ಹಂತ ಇಳಿಸಬೇಕು.

ಆಮೇಲೆ ಚೀಲದಿಂದ ಒಂದು ಹಳೆಯ ಬಿಳಿ ಧೋತರ ತೆಗೆದು, ಬಿಸಿಲು ಬಿದ್ದಲ್ಲಿ ಹಿಡಿದು ನಿಲ್ಲುವಂತೆ ನನಗೆ ಹೇಳಿದ. ಅದರಿಂದ ಮರಳಿದ ಮೆತ್ತನೆಯ ಬೆಳಕು ರಾವಣನ ಭುಜಗಳವರೆಗೆ ಹೋಗಿ ನಿಂತಿತು. ಅಷ್ಟು ಸಾಕೆಂದ.

ಧೋತರ ಅವನ ತಂದೆಯದು. ಹತ್ತು ವರ್ಷದವನಿದ್ದಾಗ ತಂದೆ ಅವನನ್ನು ಇಲ್ಲಿಗೆ ಕರೆತಂದಿದ್ದರಂತೆ. ಇದೇ ಜಾಗದಲ್ಲಿ ನಿಂತು, “ನಮ್ಮ ಕನ್ನಡದ ರಾಜಾ ಮಾಡಿಸಿದ್ದು ನೋಡಪಾ” ಎಂದು ಗಟ್ಟಿಯಾಗಿ ಹೇಳಿದರಂತೆ. ಸುತ್ತ ಶಾಲೆಯ ಮಕ್ಕಳಿದ್ದರು. ಇವನಿಗೆ ನಾಚಿಕೆಯಾಗಿ, “ಮೆಲ್ಲಗೆ ಮಾತಾಡಿ” ಎಂದು ಮರಾಠಿಯಲ್ಲಿ ಗದರಿದನಂತೆ. ತಂದೆ ಸುಮ್ಮನಾದರು. ಮನೆ ಸೇರುವವರೆಗೂ ಒಂದು ಮಾತಿಲ್ಲ. ಅವರು ತೀರಿಕೊಂಡು ಈಗ ಎರಡು ವರ್ಷ.

ಇದನ್ನು ಹೇಳುವಾಗ ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ನಾನೂ ಧೋತರ ಇಳಿಸಲಿಲ್ಲ.

ಕೈಲಾಸ ನಮ್ಮದು ಮಾತ್ರವೆಂದು ಜಂಬ ಪಡಬೇಕಾಗಿಲ್ಲ. ಅದನ್ನು ಇಂದಿಗೂ ಕಾಯ್ದುಕೊಂಡಿರುವ ಮರಾಠಿ ನೆಲದ್ದೂ ಹೌದು. ಆದರೆ ಅದರಲ್ಲಿ ನಮ್ಮ ಪಾಲೂ ಇದೆ ಎನ್ನಲು ದನಿ ತಗ್ಗಿಸಬೇಕಾಗಿಯೂ ಇಲ್ಲ.

ನೀವೂ ಹೋಗಿ ಬನ್ನಿ. ಮಂಗಳವಾರ ರಜೆ ಎಂಬುದು ನೆನಪಿರಲಿ. ಮಧ್ಯಾಹ್ನದ ಬಿಸಿಲು ವಾಲುವವರೆಗೆ ಕಾಯಿರಿ. ಮೊಬೈಲಿನ ಫ್ಲ್ಯಾಶ್ ಆರಿಸಿಡಿ. ಸಾಧ್ಯವಾದರೆ ತಂದೆತಾಯಿಯರನ್ನು ಕರೆದುಕೊಂಡು ಹೋಗಿ. ಅವರು ಗಟ್ಟಿಯಾಗಿ ಮಾತನಾಡಿದರೆ, ಮಾತನಾಡಲು ಬಿಡಿ.