ಕೇಳಬಾರದ ಪ್ರಶ್ನೆ

2023ರಲ್ಲಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋಗಿದ್ದೆ. ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಗುವನ್ನು ತೂಗುತ್ತಾ ಕುಳಿತಿದ್ದಾಗ ಅಳಿಯ ಮೊಬೈಲ್ ಹಿಡಿದು ಮುಖ ಗಂಟಿಕ್ಕಿಕೊಂಡು ಬಂದ. ಅವರ ಹಳೆಯ ಮನೆಯಲ್ಲಿ ಬಾಡಿಗೆಗಿದ್ದ ಹೆಂಗಸಿನಿಂದ ಪತ್ರ. ನಾಯಿಯೊಂದನ್ನು ಇಟ್ಟುಕೊಳ್ಳಲು ಅನುಮತಿ ಬೇಕಂತೆ. ಜೊತೆಗೆ ಅವಳ ಮನೋಚಿಕಿತ್ಸಕರ ಚೀಟಿ.

"ಪ್ರಾಣಿ ಸಾಕುವಂತಿಲ್ಲ ಎಂದು ಕರಾರಿನಲ್ಲಿ ಬರೆದಿಲ್ಲವೇ?" ಎಂದೆ.

"ಬರೆದಿದೆ ಉಮ್ಮಾ. ಆದರೆ ಇದು ಸಾಕುಪ್ರಾಣಿಯ ಲೆಕ್ಕಕ್ಕೆ ಬರುವುದಿಲ್ಲವಂತೆ. ಎಮೋಷನಲ್ ಸಪೋರ್ಟ್ ಅನಿಮಲ್. ಮನಸ್ಸಿಗೆ ಆಸರೆಯಾಗುವ ಪ್ರಾಣಿ."

ನನಗೆ ನಗು ಬಂತು. ಮನಸ್ಸಿಗೆ ಆಸರೆ ಬೇಕಾದರೆ ನಮ್ಮಲ್ಲಿ ಅಕ್ಕತಂಗಿಯರಿಲ್ಲವೇ, ಅಕ್ಕಪಕ್ಕದವರಿಲ್ಲವೇ? ಅವಳಿಗೆ ಏನು ಕಾಯಿಲೆಯಂತೆ ಎಂದು ಕೇಳಿದೆ. ಮಗಳು ಥಟ್ಟನೆ, "ಅದನ್ನು ಕೇಳುವ ಹಕ್ಕು ನಮಗಿಲ್ಲ" ಎಂದಳು. ಬಸ್ಸಿನಲ್ಲಿ ಪಕ್ಕ ಕುಳಿತವಳ ಗರ್ಭಕೋಶದ ಆಪರೇಷನ್‌ವರೆಗೆ ವಿಚಾರಿಸುವ ಊರಿನಿಂದ ಬಂದ ನನಗೆ ಇದು ನಾಯಿಗಿಂತ ದೊಡ್ಡ ಸೋಜಿಗ.

ಅಳಿಯ ಎರಡು ರಾತ್ರಿ ಕುಳಿತು ಎಲ್ಲವನ್ನೂ ಓದಿದ. ಚೀಟಿ ನಂಬುವಂತಿದ್ದರೆ ಮಾಲೀಕ ಒಪ್ಪಬೇಕು. ಪ್ರಾಣಿಯ ಹೆಸರಿನಲ್ಲಿ ಹೆಚ್ಚುವರಿ ಬಾಡಿಗೆಯಾಗಲಿ ಮುಂಗಡವಾಗಲಿ ಕೇಳುವಂತಿಲ್ಲ. ಕುರುಡರ ನಾಯಿಯಂತೆ ಇದಕ್ಕೆ ತರಬೇತಿ ಬೇಕಿಲ್ಲ. ನಾಯಿ ಬಾಗಿಲು ಕೆರೆದು ಹಾಳು ಮಾಡಿದರೆ ಆ ನಷ್ಟವನ್ನು ವಸೂಲು ಮಾಡಬಹುದು. ಅದೇ ನಾಯಿಯಿಂದ ಅಪಾಯವಿದೆ ಎಂಬುದಕ್ಕೆ ಆಧಾರವಿದ್ದರೆ ಬೇಡವೆನ್ನಬಹುದು. ನಾಯಿಜಾತಿಯೇ ಇಷ್ಟವಿಲ್ಲ ಎಂಬುದು ಕಾರಣವಾಗದು. ಸಣ್ಣ ಮಾಲೀಕರಿಗೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದಿಷ್ಟು ವಿನಾಯಿತಿ ಇದೆಯಂತೆ. ಅದನ್ನು ಓದಿ ಅವನ ಮುಖ ಅರಳಿತು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಇಂಥ ಬಾಡಿಗೆ ಮನೆಗೆ ಆ ರಿಯಾಯಿತಿ ಇಲ್ಲ ಎಂದು ತಿಳಿದಾಗ ಮತ್ತೆ ಬಾಡಿತು.

ಅವನ ಸಂಶಯವೂ ಸುಳ್ಳಲ್ಲ. ದುಡ್ಡು ಕೊಟ್ಟರೆ ಇಂಟರ್ನೆಟ್‌ನಲ್ಲಿ ಇಂಥ ಚೀಟಿ ಮಾರುವವರಿದ್ದಾರೆ. ಹಾಗಾಗಿಯೇ ಆ ರಾಜ್ಯದಲ್ಲಿ 2022ರಿಂದ, ನಾಯಿಗೆ ಚೀಟಿ ಬರೆಯುವವರು ಆ ವ್ಯಕ್ತಿಯನ್ನು ಕನಿಷ್ಠ 30 ದಿನಗಳಿಂದ ಬಲ್ಲವರಾಗಿರಬೇಕು, ತಮ್ಮ ಲೈಸೆನ್ಸ್ ಸಂಖ್ಯೆಯನ್ನೂ ಬರೆಯಬೇಕು. ಅಳಿಯ ಸಂಖ್ಯೆಯನ್ನು ತಾಳೆ ನೋಡಿದ. ಸರಿಯಾಗಿತ್ತು.

ಆದರೂ ಅವನಿಗೆ ಮನಸ್ಸಿಲ್ಲ. ಅದು ಅವರ ಮೊದಲ ಮನೆ. ಕಿಟಕಿಯ ಪಕ್ಕ ನಮಾಝಿಗೆಂದೇ ಒಂದು ಮೂಲೆ ಇಟ್ಟುಕೊಂಡಿದ್ದರು. ಮುಂದೊಂದು ದಿನ ಅಲ್ಲಿಗೇ ಮರಳುವ ಆಸೆ. ನನಗೂ ಕಸಿವಿಸಿ. ನಾಯಿಯಿರುವ ಮನೆಗೆ ಮಲಕ್‌ಗಳು ಬರುವುದಿಲ್ಲ ಎಂದು ಕೇಳಿಯೇ ಬೆಳೆದವಳು ನಾನು. ಗುಹಾವಾಸಿಗಳ ಜೊತೆಗಿದ್ದ ನಾಯಿಯ ಪ್ರಸ್ತಾಪವಿರುವ ಸೂರಃ ಕಹ್ಫ್ ಅನ್ನು ಶುಕ್ರವಾರ ತಪ್ಪದೆ ಓದುವವಳೂ ನಾನೇ. ಅದು ಆ ಹೊತ್ತಿಗೆ ನೆನಪಾಗಲಿಲ್ಲ.

ಮಗಳು ಮಗುವಿಗೆ ಹಾಲೂಡಿಸುತ್ತಾ ಹೇಳಿದಳು, "ನಮ್ಮ ಹೆಸರು ಕೇಳಿ ಇಲ್ಲಿ ಯಾರಾದರೂ ಮನೆ ಇಲ್ಲ ಎಂದರೆ ನಾವು ಹಿಡಿಯುವುದು ಯಾವ ಕಾನೂನನ್ನು? ಇದನ್ನೇ ಅಲ್ಲವೇ?" ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು 1968ರ ಏಪ್ರಿಲ್ 4ರಂದು. ಅದಾಗಿ ಒಂದೇ ವಾರಕ್ಕೆ, ಏಪ್ರಿಲ್ 11ರಂದು, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನಿಗೆ ಸಹಿ ಬಿತ್ತು. ಅಂಗವೈಕಲ್ಯ, ಮನಸ್ಸಿನ ಕಾಯಿಲೆ ಇರುವವರು ಅದೇ ಕಾನೂನಿನೊಳಗೆ ಬಂದದ್ದು 1988ರಲ್ಲಿ.

ನನಗೆ ಬೆಂಗಳೂರಿನ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಇವರಿಗೆ ವರ್ಗವಾಗಿತ್ತು. ಮಗಳು ಕಂಕುಳಲ್ಲಿದ್ದಳು. ಮನೆ ನೋಡಿದೆವು, ಬಾವಿ ನೋಡಿದೆವು, ಮಾಲೀಕರ ಹೆಂಡತಿ ನೀರುಮಜ್ಜಿಗೆಯನ್ನೂ ಕೊಟ್ಟರು. ಬಾಡಿಗೆ ಮಾತಾಡಿದ ಮೇಲೆ ಯಜಮಾನರು ಹೆಸರು ಕೇಳಿದರು. ಇವರು ಹೇಳಿದರು. ಲೋಟ ಇನ್ನೂ ನನ್ನ ಕೈಯಲ್ಲಿತ್ತು. ಮನೆ ಬೇರೆಯವರಿಗೆ ಮಾತಾಗಿದೆ, ಮರೆತೇಬಿಟ್ಟಿದ್ದೆ ಎಂದರು. ಹದಿನೈದು ದಿನ ಬಿಟ್ಟು ಅದೇ ಬೀದಿಯಲ್ಲಿ ಹೋಗುವಾಗ 'ಬಾಡಿಗೆಗೆ ಇದೆ' ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು. ಇವರು ನೋಡದವರಂತೆ ನಡೆದರು. ನಾನೂ ಹಾಗೆಯೇ ನಡೆದೆ.

ಅಳಿಯ ಮರುದಿನ ಒಪ್ಪಿಗೆ ಬರೆದ. ಒಂದು ತಿಂಗಳ ನಂತರ ಗೀಸರ್ ಕೆಟ್ಟಾಗ ನಾನೂ ಅವರ ಜೊತೆ ಹೋಗಿದ್ದೆ. ನನ್ನ ತಲೆವಸ್ತ್ರ ನೋಡಿದ ಆ ಹೆಂಗಸು ನಾವು ಕೇಳುವ ಮೊದಲೇ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿ ಬಂದಳು. ನಲವತ್ತರ ಆಸುಪಾಸಿನವಳು. ನಾವಿದ್ದಷ್ಟು ಹೊತ್ತೂ ಅವಳ ಕಣ್ಣು ಗಾಜಿನ ಬಾಗಿಲಿನಾಚೆ ನಾಯಿಯ ಮೇಲೆಯೇ ಇತ್ತು, ಕೈಬೆರಳು ನಡುಗುತ್ತಿದ್ದವು. ನಾನು ಏನೂ ಕೇಳಲಿಲ್ಲ. ಕೇಳದೆ ಕೂರುವುದು ಅಷ್ಟೇನೂ ಕಷ್ಟವಲ್ಲ ಎಂದು ಗೊತ್ತಾದದ್ದು ಅಂದೇ.

ಆದರೆ ಅಂದಿನಿಂದ ಬೇರೊಂದು ಚಿಂತೆ ಹತ್ತಿಕೊಂಡಿತು. ಮಂಗಳೂರಿನಲ್ಲಿ ನಮ್ಮ ಮನೆಯ ಮಾಳಿಗೆಯನ್ನು ನಾವೂ ಬಾಡಿಗೆಗೆ ಕೊಡುತ್ತೇವೆ. ಹೊರಡುವ ಕೆಲವು ತಿಂಗಳ ಮೊದಲು ಒಬ್ಬ ತಾಯಿ ಬಂದಿದ್ದರು. ಹತ್ತು ವರ್ಷದ ಹುಡುಗ, ಯಾರ ಮುಖವನ್ನೂ ನೋಡದವನು, ಕೈಯಲ್ಲಿ ಒಂದು ಬೂದು ಬೆಕ್ಕು. "ಇದಿಲ್ಲದೆ ಇವನು ನಿದ್ದೆ ಮಾಡುವುದಿಲ್ಲ" ಎಂದು ಆಕೆ ಹೇಳಿದ್ದರು. ವಸತಿ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ನಮ್ಮ ದೇಶದ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ, ನಿಜ. ಆದರೆ ಮನೆಯೊಡತಿಯಾದ ನನ್ನನ್ನು ಕೇಳುವವರು ಯಾರು? ಬೆಕ್ಕಿನ ವಿಷಯದಲ್ಲಿ ಧರ್ಮದ ನೆಪವೂ ಇರಲಿಲ್ಲ. ಹೊಸದಾಗಿ ಪಾಲಿಶ್ ಮಾಡಿಸಿದ ಬಾಗಿಲುಗಳಿದ್ದವು. "ಬೆಕ್ಕಿದ್ದರೆ ಆಗದು" ಎಂದು ಕಳುಹಿಸಿದ್ದೆ.

ಊರಿಗೆ ಮರಳಿದ ವಾರವೇ ಆಕೆಯ ನಂಬರ್ ಹುಡುಕಿ ಫೋನ್ ಮಾಡಿದೆ. ಮಾಳಿಗೆ ಖಾಲಿಯಾಗುತ್ತಿದೆ, ಬೆಕ್ಕನ್ನೂ ಕರೆತನ್ನಿ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆ ಸಿಕ್ಕಿದೆ ಎಂದರು. ಅಲ್ಲಿಯೂ ಬೆಕ್ಕು ಬೇಡವೆಂದಿದ್ದರಿಂದ ಅದನ್ನು ಹಳ್ಳಿಯ ಸಂಬಂಧಿಕರ ಮನೆಗೆ ಬಿಟ್ಟು ಬಂದಿದ್ದಾರೆ.

"ಹುಡುಗ ಹೇಗಿದ್ದಾನೆ?" ಎಂದು ಕೇಳಿದೆ.

"ಇದ್ದಾನೆ" ಎಂದರು.