ಹುರುಳಿಗಿಂತ ಮೊದಲು ಹುಲ್ಲು

ಜನವರಿಯಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆ ಹೊರಟರೆ ರಸ್ತೆಯೇ ಕಣ. ಕಿತ್ತು ತಂದ ಹುರುಳಿ ಗಿಡಗಳನ್ನು ಟಾರಿನ ಮೇಲೆ ಹರಡಿರ್ತಾರೆ. ಬಸ್ಸು, ಕಾರು, ಟ್ರ್ಯಾಕ್ಟರುಗಳೇ ಒಕ್ಕಣೆ ಮಾಡಿಕೊಡಬೇಕು. ಬೈಕಿನಲ್ಲಿ ಬರೋರು ಜಾರಿ ಬೀಳದ ಹಾಗೆ ಹುಷಾರಾಗಿರಬೇಕು. ನಾನು ಇದೇ ಸೀಮೆಯವಳು. ಕಾರಿನ ಚಕ್ರದಡಿ ಹುರುಳಿ ಪಟಪಟ ಅಂದರೆ ಊರು ಬಂತು ಅಂತ ಖುಷಿಯಾಗೋದು. ಈಗ ಆ ಸದ್ದು ಕೇಳಿದರೆ ಒಂದು ರಾತ್ರಿ ನೆನಪಾಗುತ್ತೆ.

ತೆರಕಣಾಂಬಿ ಹತ್ತಿರದ ನಮ್ಮೂರಿಗೆ ಅಪ್ಪ ಕುದುರೆ ತಂದಿದ್ದರು. ಮೈಸೂರಲ್ಲಿ ಟಾಂಗಾ ಓಡಿಸೋದು ಬಿಟ್ಟ ಒಬ್ಬರ ಹತ್ತಿರ ಕೊಂಡ ಹೆಣ್ಣು ಕುದುರೆ, ಹೆಸರು ಗೌರಿ. ಪಕ್ಕೆಲುಬು ಎಣಿಸಬಹುದಿತ್ತು. "ಎರಡು ತಿಂಗಳಲ್ಲಿ ಇದನ್ನ ದುಂಡಗೆ ಮಾಡ್ತೀನಿ ನೋಡ್ತಿರು ಮಗಾ" ಅಂತ ಫೋನಲ್ಲಿ ಹೇಳಿದ್ದರು.

ಸಂಕ್ರಾಂತಿಗೆ ನಾನು ಊರಿಗೆ ಹೋದಾಗ ಇಡೀ ಬೀದಿಯೇ ಗೌರಿಯನ್ನು ದುಂಡಗೆ ಮಾಡಲು ಹೊರಟಿತ್ತು. ಎದುರು ಮನೆ ಚಿಕ್ಕಮ್ಮ ಬಾಳೆಹಣ್ಣು, ಬೆಲ್ಲ ತಂದರು. ಮಾರ್ಕೆಟ್ಟಿಗೆ ತರಕಾರಿ ಹಾಕುವ ಮಾವ ಎಲೆಕೋಸಿನ ಹೊರ ಎಲೆ ಒಂದು ಚೀಲ ಸುರಿದರು. ದನಗಳಿಗೆ ಹುಗ್ಗಿ ಕೊಡುವಾಗ ಅಪ್ಪ ಗೌರಿಗೂ ಒಂದು ಬೋಗುಣಿ ಇಟ್ಟರು. "ಹಬ್ಬದ ದಿನ ದನಕ್ಕೆ ಕೊಟ್ಟು ಇದಕ್ಕೆ ಕೊಡದೆ ಇರಕ್ಕಾಯ್ತದಾ?" ಜೊತೆಗೆ ಅರ್ಧ ಬಕೆಟ್ ಹುರುಳಿ.

ರಾತ್ರಿ 11 ಗಂಟೆಗೆ ಗೌರಿ ನೆಲ ಕೆರೆಯತೊಡಗಿದಳು. ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳೋಳು. ಮಲಗೋಳು, ಏಳೋಳು, ಮತ್ತೆ ಹೊರಳೋಳು. ಮೈಯೆಲ್ಲ ಬೆವರು. ಸಂಜೆಯಿಂದ ಲದ್ದಿ ಹಾಕಿರಲಿಲ್ಲ.

ಗುಂಡ್ಲುಪೇಟೆಯಿಂದ ಪಶುವೈದ್ಯರು ಬಂದರು. ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. "ಯಜಮಾನ್ರೇ, ಹಸು ಮೆಲುಕು ಹಾಕ್ತದೆ, ಅದರ ಹೊಟ್ಟೆ ದೊಡ್ಡದು. ಕುದುರೆ ಹೊಟ್ಟೆ ಚಿಕ್ಕದು, ಅದಕ್ಕೆ ವಾಂತಿನೂ ಮಾಡಕ್ಕಾಗಲ್ಲ. ತಿಂದದ್ದು ಮುಂದಕ್ಕೇ ಹೋಗಬೇಕು" ಅಂದರು. ಕುದುರೆಗೆ ಹುಲ್ಲು ಜೀರ್ಣವಾಗೋದು ಹಿಂದಿನ ದೊಡ್ಡ ಕರುಳಲ್ಲಿ, ಅಲ್ಲಿರೋ ಸೂಕ್ಷ್ಮಜೀವಿಗಳಿಂದ. ಒಮ್ಮೆಲೇ ಕಾಳು, ಸಿಹಿ, ಅನ್ನ ಬಿದ್ದರೆ ಆ ಕರುಳು ಕೆಡುತ್ತದೆ. ಈ ಹೊಟ್ಟೆನೋವಿಗೆ ಕಾಲಿಕ್ ಅಂತಾರೆ. ಇದರಿಂದ ಕುದುರೆ ಸತ್ತೇ ಹೋಗಬಹುದು.

ಅಪ್ಪ ಮಾತಾಡಲಿಲ್ಲ. ಬೆಳಗಿನ ಜಾವದವರೆಗೆ ಹಗ್ಗ ಹಿಡಿದು ಆಗಾಗ ನಿಧಾನಕ್ಕೆ ನಡೆಸ್ತಾ ಇದ್ದರು. ಐದು ಗಂಟೆಗೆ ಗೌರಿ ಲದ್ದಿ ಹಾಕಿದಳು. ಲದ್ದಿ ನೋಡಿ ಮನೆಮಂದಿಯೆಲ್ಲ ಕಣ್ಣೀರು ಹಾಕಿದ್ದು ನಮ್ಮ ವಂಶದಲ್ಲಿ ಇದೇ ಮೊದಲಿರಬೇಕು.

"ಹುಳ್ಳಿ ತಿನ್ನದಿರೋ ಕುದ್ರೆ ಎಲ್ಲಾದ್ರೂ ಕಂಡಿದ್ದೀಯಾ?" ಅಂತ ಆಮೇಲೆ ಅಪ್ಪ ಮೆಲ್ಲಗೆ ಕೇಳಿದರು. ಅವರ ಮಾತೂ ಸುಳ್ಳಲ್ಲ. ಇಂಗ್ಲಿಷಿನವರು ಹುರುಳಿಗೆ ಹಾರ್ಸ್ ಗ್ರಾಂ ಅಂತಲೇ ಹೆಸರಿಟ್ಟರು. ಟಿಪ್ಪುವಿನ ಕಾಲಕ್ಕೆ ಹೋಗುವ ಕುಣಿಗಲ್ಲಿನ ಕುದುರೆ ಫಾರಂ ನಮ್ಮ ರಾಜ್ಯದಲ್ಲೇ ಇದೆ. ಆದರೆ ದಂಡಿನ ಕುದುರೆ ದಿನವಿಡೀ ಸವಾರನನ್ನು ಹೊತ್ತು ಓಡುತ್ತಿತ್ತು. ನಮ್ಮ ಗೌರಿ ಕೊಟ್ಟಿಗೆಯಲ್ಲಿ ನಿಂತಿರುತ್ತಾಳೆ. ಓಡೋ ಕುದುರೆಯ ಊಟವನ್ನು ನಿಂತ ಕುದುರೆಗೆ ಹಾಕಿದ್ದೆವು.

ಮರುದಿನ ವೈದ್ಯರು ಹಲ್ಲು ನೋಡಿದರು. ದವಡೆ ಹಲ್ಲು ಚೂಪಾಗಿ ಕೆನ್ನೆಗೆ ಚುಚ್ಚುತ್ತಿತ್ತು. ಬಡಕಲಾಗಿದ್ದಕ್ಕೆ ಅದೂ ಒಂದು ಕಾರಣ. ಅದನ್ನು ಉಜ್ಜಿ, ಜಂತುಹುಳಕ್ಕೆ ಔಷಧಿ ಬರೆದುಕೊಟ್ಟರು. ಆಮೇಲೆ ತೂಕ. ನಾನು ಚಾಮರಾಜನಗರಕ್ಕೆ ಹೋಗಿ ಟೈಲರ್ ಟೇಪ್ ತಂದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 145 ಸೆಂಟಿಮೀಟರ್, ಭುಜದಿಂದ ಪಿರ್ರೆಯವರೆಗೆ ಉದ್ದ 135. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ತೂಕ ಸಿಗುತ್ತೆ. ಗೌರಿ ಸುಮಾರು 240 ಕೆಜಿ.

ಲೆಕ್ಕ ಸುಲಭ. 100 ಕೆಜಿ ತೂಕಕ್ಕೆ ದಿನಕ್ಕೆ ಒಂದೂವರೆಯಿಂದ 2 ಕೆಜಿ ಒಣಮೇವು. ಗೌರಿ ಮೈ ತುಂಬಿಕೊಳ್ಳಬೇಕು, ಹಾಗಾಗಿ 5 ಕೆಜಿ ಹತ್ತಿರ. ಹಸಿ ಹುಲ್ಲಲ್ಲಿ ಬಹುಪಾಲು ನೀರೇ ಇರೋದರಿಂದ 1 ಕೆಜಿ ಒಣಹುಲ್ಲಿನ ಬದಲು 4 ಕೆಜಿ ಹಸಿಹುಲ್ಲು. ಒಂದೇ ಸಲ ಅಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ. ಜೊತೆಗೆ ಒಂದು ಹಿಡಿ ಉಪ್ಪು, ಯಾವಾಗಲೂ ಶುದ್ಧ ನೀರು.

ಹುರುಳಿ? ಮೊದಲ ವಾರ ಬೇಡ. ಆಮೇಲೆ ಬೇಯಿಸಿದ್ದು, ದಿನಕ್ಕೆ ಕಾಲು ಕೆಜಿಯಿಂದ ಶುರು, ಎರಡು ಹೊತ್ತಿಗೆ ಹಂಚಿ. ಯಾವ ಮೇವು ಬದಲಿಸಿದರೂ 7ರಿಂದ 10 ದಿನ ತಗೊಂಡು ಬದಲಿಸಬೇಕು. ರಸ್ತೆ ಮೇಲೆ ಒಕ್ಕಿದ ಹುರುಳಿ ಹೊಟ್ಟಿನಲ್ಲಿ ಮರಳು, ಕಲ್ಲು ಇರುತ್ತೆ. ಅದು ಕರುಳಲ್ಲಿ ಕೂತರೂ ಕಾಲಿಕ್. ದನದ ಫೀಡ್ ಬೇಡವೇ ಬೇಡ. ಕೆಲವು ಫೀಡಿಗೆ ಬೆರೆಸುವ ಮೊನೆನ್ಸಿನ್ ಅನ್ನೋ ಔಷಧಿ ಕುದುರೆಯನ್ನು ಕೊಲ್ಲುತ್ತೆ. ಎಳೆ ಜೋಳದ ಪೈರು, ಬಂಡೀಪುರದ ಕಾಡಂಚಿನಲ್ಲಿ ಎಲ್ಲೆಂದರಲ್ಲಿ ಬೆಳೆದಿರೋ ಲಂಟಾನ ಎರಡೂ ವಿಷ.

ಅಪ್ಪನಿಗೆ ಕಷ್ಟವಾಗಿದ್ದು ಈ ಲೆಕ್ಕ ಅಲ್ಲ. ಬಾಳೆಹಣ್ಣು ಹಿಡಿದು ಬಂದ ಮಕ್ಕಳಿಗೆ ಬೇಡ ಅನ್ನೋದು. ಕೊನೆಗೆ ಕೊಟ್ಟಿಗೆ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದರು: "ಕುದುರೆಗೆ ಏನೂ ಕೊಡಬೇಡಿ. ಹುಲ್ಲು ತಂದರೆ ನನ್ನ ಕೈಗೆ ಕೊಡಿ." ಈಗ ಮಕ್ಕಳು ಸ್ಕೂಲಿಂದ ಬರುವಾಗ ಬದುವಿನ ಗರಿಕೆ ಕಿತ್ತು ತರುತ್ತಾರೆ.

ಪ್ರತಿ ಭಾನುವಾರ ಅಪ್ಪ ಟೇಪ್ ಹಿಡಿದು ಅಳೆದು ವಾಟ್ಸಾಪಲ್ಲಿ ಕಳಿಸ್ತಾರೆ. ಹೋದ ವಾರ ಸುತ್ತಳತೆ 149. ಎರಡು ತಿಂಗಳಲ್ಲಿ ದುಂಡಗಾಗಲಿಲ್ಲ, ಆದರೆ ಪಕ್ಕೆಲುಬು ಈಗ ಕಣ್ಣಿಗೆ ಕಾಣಲ್ಲ, ಕೈಗೆ ಸಿಗುತ್ತೆ. ಹಾಗಿದ್ದರೆ ಸರಿ ಅಂತ ವೈದ್ಯರೂ ಹೇಳಿದ್ದಾರೆ.

ಮೊನ್ನೆ ಹೋದಾಗ ಅವ್ವ ಹುರುಳಿ ಬೇಯಿಸಿದ್ದರು. ಬಸಿದ ಕಟ್ಟು ನಮಗೆ ಸಾರಾಯ್ತು. ಕಾಳನ್ನು ಅಪ್ಪ ತಕ್ಕಡಿಯಲ್ಲಿ ತೂಗಿ, ಎರಡು ಕಾಳು ಹೆಚ್ಚಿದ್ದಕ್ಕೆ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. ಮೊದಲು ಹುಲ್ಲು ಹಾಕಿದರು, ಆಮೇಲೆ ಹುರುಳಿ.