ಮಸ್ಕಿಯ ಬಾವಿಯಲ್ಲಿ ಪಾತಾಳಗರಡಿ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂಬ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ ಒಂದರ ತರುವಾಯ ಒಂದರಂತೆ ಇರುವುವು. ಕಳೆದ ವೈಶಾಖದಲ್ಲಿ ನಾವು ಈ ದಾರಿಯನ್ನು ಹಿಡಿದುದು ದೇಶ ನೋಡುವ ಚಪಲದಿಂದಲ್ಲ. ಮಸ್ಕಿಯಲ್ಲಿರುವ ನಮ್ಮ ಸೋದರಮಾವನವರು ಹಿತ್ತಿಲ ಬಾವಿಯನ್ನು ಮುಚ್ಚಿಸುವರೆಂದೂ, ಅದಕ್ಕೆ ಮುಂಚೆ ನಾವು ಒಮ್ಮೆ ಬಂದುಹೋಗಬೇಕೆಂದೂ ಅತ್ತೆಯವರು ಹೇಳಿಕಳುಹಿಸಿದ್ದರು. ಬಾವಿ ತೋಡಿಸುವಾಗ ನೆಂಟರನ್ನು ಕರೆಯುವುದುಂಟು. ಮುಚ್ಚಿಸುವಾಗ ಕರೆಯುವುದನ್ನು ನಾವು ಎಲ್ಲಿಯೂ ಕೇಳಿರಲಿಲ್ಲ. ಏನೋ ವಿಶೇಷವಿರಬೇಕೆಂದು ಹೊರಟೆವು.

ಲಿಂಗಸುಗೂರು ಈಗ ತಾಲ್ಲೂಕಿನ ಊರಾಗಿದ್ದರೂ 1905ರವರೆಗೆ ನಿಜಾಮರ ರಾಜ್ಯದ ಒಂದು ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟಿದ್ದ ಊರು. ಸುತ್ತಲೂ ಎರೆಯ ಭೂಮಿ. ನಡುನಡುವೆ ಕರಿಯ ಬಂಡೆಗಳ ಗುಡ್ಡಗಳು. ಬೇಸಗೆಯಲ್ಲಿ ಎರೆ ಬಿರಿದು, ಅದರ ಬಿರುಕುಗಳಲ್ಲಿ ಕೈ ತೂರುವಷ್ಟು ಎಡೆಯಾಗುವುದು. ಇಲ್ಲಿಯ ಜನಕ್ಕೆ ನೆಲದೊಳಗೆ ಇಳಿದು ಹುಡುಕುವುದು ಹೊಸತಲ್ಲ. ಇದೇ ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ, ಯಂತ್ರವನ್ನು ಕಾಣದ ಪೂರ್ವಿಕರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಸೀಳುತ್ತ 600 ಅಡಿಗೂ ಕೆಳಗೆ ಹೋಗಿದ್ದ ಗುರುತುಗಳು ದೊರೆತಿರುವುವು. ಅಷ್ಟು ಆಳದಿಂದ ನೀರನ್ನು ಹೇಗೆ ಮೇಲಕ್ಕೆತ್ತಿದರೋ ಎಂದು ನೆನೆದರೆ ಈಗಲೂ ಬೆರಗಾಗುವುದು.

ಮಸ್ಕಿಗೆ ಬಂದವರು ಅಶೋಕನ ಶಾಸನವನ್ನು ನೋಡದೆ ಹೋಗಬಾರದು. ನಾವೂ ಬೆಳಗಿನ ತಂಪಿನಲ್ಲಿಯೇ ಗುಡ್ಡದ ಬುಡಕ್ಕೆ ಹೋದೆವು. ಬಂಡೆಗಳ ಮರೆಯಲ್ಲಿ ಗುಹೆಯಂತಿರುವ ಎಡೆಯೊಂದರಲ್ಲಿ ಬ್ರಾಹ್ಮೀ ಅಕ್ಷರಗಳ ಕೆಲವು ಸಾಲುಗಳು. 1915ರಲ್ಲಿ ಸಿ. ಬೀಡನ್ ಎಂಬ ಗಣಿಯ ಇಂಜಿನಿಯರರು ಚಿನ್ನದ ಜಾಡನ್ನರಸುತ್ತ ಈ ಸೀಮೆಯಲ್ಲಿ ತಿರುಗುತ್ತಿದ್ದಾಗ ಇದನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದುವು. ಆ ಅರಸನು ಅಶೋಕನೇ ಎಂಬುದನ್ನು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ದೊರೆಯಿತು. ಅರಸಿದ್ದು ಚಿನ್ನವನ್ನು, ಸಿಕ್ಕಿದ್ದು ಒಬ್ಬನ ಹೆಸರು. ಈ ಮಾತನ್ನು ಮನೆಗೆ ಬಂದು ಅತ್ತೆಯವರಿಗೆ ಹೇಳಲಾಗಿ, ಅವರು ನಕ್ಕು, “ನಮ್ಮ ಬಾವ್ಯಾಗೂ ಒಂದು ಹೆಸರು ಬಿದ್ದೈತ್ರೀ” ಎಂದರು. ನಮ್ಮನ್ನು ಕರೆಸಿದ ಕಾರಣವು ಆಗ ಹೊರಬಿತ್ತು.

ಅತ್ತೆಯವರ ತವರು ಸಿಂಧನೂರಿನ ಕಡೆಯ ಹಳ್ಳಿ. ನಲವತ್ತು ವರ್ಷಗಳ ಹಿಂದೆ ಅವರು ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ಇಲ್ಲಿ ನಲ್ಲಿಯಿರಲಿಲ್ಲ. ಒಂದು ಮುಸ್ಸಂಜೆ ನೀರು ಸೇದುವಾಗ ಹಗ್ಗದ ಗಂಟು ಸಡಿಲಿ ತಾಮ್ರದ ಕೊಡವೊಂದು ಬಾವಿಗೆ ಬಿದ್ದಿತು. ಅದು ಅವರ ಅತ್ತೆ, ಎಂದರೆ ನಮ್ಮ ಅಜ್ಜಿ, ಲಿಂಗಸುಗೂರಿನ ತವರಿನಿಂದ ತಂದಿದ್ದ ಕೊಡ. ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಅಜ್ಜಿಯ ಹೆಸರನ್ನು ಕೊರೆಯಿಸಿದ್ದರು. ಎರಡು ದಿನ ಪಾತಾಳಗರಡಿಯನ್ನು ಬಿಟ್ಟು ಜಾಲಾಡಿದರೂ ಕೊಡ ಸಿಕ್ಕಲಿಲ್ಲ. ದುರ್ದೈವದಿಂದ ಅದೇ ದಿನ ಮಧ್ಯಾಹ್ನ ಅತ್ತೆಯವರ ಅಣ್ಣ ಬಂದು ತಂಗಿಯನ್ನು ಮಾತಾಡಿಸಿಕೊಂಡು ಹೋಗಿದ್ದನು. “ಬಾವಿಗೆ ಬಿದ್ದಿದ್ದರೆ ಸಿಗಲೇಬೇಕು, ಕೊಡ ಬಾವಿಗೆ ಹೋಗಿಲ್ಲ, ಸಿಂಧನೂರಿಗೆ ಹೋಗಿದೆ” ಎಂದು ಅಜ್ಜಿ ಒಂದು ಮಾತನ್ನಾಡಿದರು. ಒಂದೇ ಸಲ ಆಡಿದರು. ಆದರೆ ಓಣಿಗೆಲ್ಲ ಅಷ್ಟೇ ಸಾಕಾಯಿತು. ಮಾವನವರು ಅಂದೂ ಏನನ್ನೂ ಹೇಳಲಿಲ್ಲ; ಮುಂದೆಯೂ ಹೇಳಲಿಲ್ಲ. ಆ ಅಣ್ಣನು ಮತ್ತೆ ಮಸ್ಕಿಯ ಹೊಸ್ತಿಲನ್ನು ತುಳಿಯದೆಯೇ ತೀರಿಕೊಂಡನು.

ಈ ಸಂಶಯಕ್ಕೆ ಕಾಲವೂ ಇಂಬುಕೊಟ್ಟಿತೆನ್ನಬೇಕು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಜೋಳದ ಹೊಲಗಳು ವರ್ಷವರ್ಷಕ್ಕೆ ಬತ್ತದ ಗದ್ದೆಗಳಾದುವು. ಕಾಲುವೆ ಬಂದ ಊರಿನವರ ಕೈಯಲ್ಲಿ ನಾಲ್ಕು ಕಾಸು ಆಡುವುದನ್ನು ಕಂಡು ಮಳೆಯನ್ನೇ ನೆಚ್ಚಿದವರ ಕಣ್ಣು ಕಿಸುರಾಗುವುದು ಲೋಕದ ರೂಢಿ. ಅಣ್ಣನು ಹೊಸ ಮನೆ ಕಟ್ಟಿಸಿದರೆ, ಅದರ ಅಟ್ಟದ ಮೇಲೆ ನಮ್ಮ ಕೊಡವಿರಬಹುದೆಂದು ಇಲ್ಲಿ ನುಡಿಯುವರು!

ಬಾವಿಯನ್ನು ಮುಚ್ಚಿದರೆ ಆ ಮಾತೇ ನಿಜವಾಗಿ ಉಳಿಯುವುದೆಂಬುದು ಅತ್ತೆಯವರ ಅಳಲು. “ಇನ್ನೊಂದು ಸರ್ತಿ ಗರಡಿ ಬಿಟ್ಟು ನೋಡ್ರಿ” ಎಂದು ಅವರು ಕೇಳಿದುದು ಇಷ್ಟೇ.

ಪಾತಾಳಗರಡಿಯನ್ನು ಕಾಣದ ಎಳೆಯರು ಈಗ ಬಹಳ ಮಂದಿ ಇರುವುದರಿಂದ ಅದರ ರೂಪವನ್ನು ಹೇಳುವುದು ಅವಶ್ಯ. ಗಟ್ಟಿಯಾದ ಒಂದು ಕಬ್ಬಿಣದ ಬಳೆ. ಅದರ ಸುತ್ತಲೂ ತೂಗುವ ಹತ್ತು ಹನ್ನೆರಡು ಕೊಕ್ಕೆಗಳು. ಬಳೆಯಿಂದ ಮೇಲೆ ಸರಪಳಿ, ಸರಪಳಿಗೆ ಹಗ್ಗ. ಗರುಡನ ಉಗುರುಗಳಂತೆ ಇರುವುದರಿಂದ ಇದನ್ನು ಪಾತಾಳಗರುಡವೆಂದು ಕರೆಯುವವರೂ ಉಂಟು. ಓಣಿಗೆಲ್ಲ ಒಂದು ಗರಡಿ ಇದ್ದರೆ ಹೆಚ್ಚು. ಇದ್ದ ಮನೆಯವರು ಅದನ್ನು ಬರಿಗೈಯಲ್ಲಿ ಕೊಡುವುದಿಲ್ಲ. ಒಂದು ಚೆಂಬನ್ನೋ ತಂಬಿಗೆಯನ್ನೋ ಒತ್ತೆಯಾಗಿಟ್ಟುಕೊಂಡು ಕೊಡುವರು. ಜಿಪುಣತನವೆಂದು ತಿಳಿಯಬಾರದು; ಕಳೆದುದನ್ನು ಹುಡುಕಲು ಹೋದ ಗರಡಿಯೇ ಹಗ್ಗ ಹರಿದು ಬಾವಿಯ ಪಾಲಾದರೆ ಅದನ್ನು ತೆಗೆಯಲು ಇನ್ನೊಂದು ಗರಡಿ ಎಲ್ಲಿಂದ ಬರಬೇಕು? ಅತ್ತೆಯವರು ತಮ್ಮ ಹಿತ್ತಾಳೆಯ ತಂಬಿಗೆಯನ್ನು ಒತ್ತೆಯಿಟ್ಟು ಓಣಿಯ ಕೊನೆಯ ಮನೆಯಿಂದ ಗರಡಿಯನ್ನು ತಂದರು. ತುಕ್ಕು ಹಿಡಿದಿದ್ದಿತು, ಎಣ್ಣೆ ಸವರಿ ಒರಸಿದೆವು.

ಇಂಥ ಹುಡುಕಾಟ ನಮ್ಮಲ್ಲಿ ಮಾತ್ರವೇ ಇಲ್ಲ. ಫಿನ್ಲೆಂಡು, ಕೆನಡಾ ಮೊದಲಾದ ಶೀತದೇಶಗಳಲ್ಲಿ ಚಳಿಗಾಲಕ್ಕೆ ಸರೋವರಗಳ ಮೇಲ್ಭಾಗವು ಕಲ್ಲಿನಂತೆ ಹೆಪ್ಪುಗಟ್ಟುವುದು. ಬೆಸ್ತರು ಅದರಲ್ಲಿ ಒಂದು ಗೇಣಿನಷ್ಟು ರಂಧ್ರವನ್ನು ಕೊರೆದು ಗಾಳವನ್ನು ಇಳಿಬಿಟ್ಟು ಕುಳಿತಿರುವರು. ದೊಡ್ಡ ಮೀನು ಜಗ್ಗಿದರೆ ಗಾಳ, ಕೋಲು ಎಲ್ಲವೂ ಒಮ್ಮೆಗೇ ರಂಧ್ರದೊಳಗೆ ಮಾಯವಾಗುವುದುಂಟು. ಆಗ ಅವರೂ ನಮ್ಮವರಂತೆಯೇ ಹಗ್ಗಕ್ಕೆ ಕೊಕ್ಕೆಯನ್ನು ಕಟ್ಟಿ ತಳವನ್ನು ತಡಕುವರು. ಕಬ್ಬಿಣದ ವಸ್ತುವಾದರೆ ಅಯಸ್ಕಾಂತವನ್ನು ಇಳಿಬಿಡುವರು. ನಮ್ಮೊಡನೆ ಬಂದಿದ್ದ ಹುಡುಗನೊಬ್ಬನು ಅಯಸ್ಕಾಂತವನ್ನೇ ಬಿಡೋಣವೆಂದನು. ತಾಮ್ರ, ಹಿತ್ತಾಳೆಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂದು ತಿಳಿಸಬೇಕಾಯಿತು. ಹಾಗಾದರೆ ತಾನೇ ಇಳಿಯುವೆನೆಂದು ಅವನು ಪಂಚೆ ಬಿಗಿಯಲು, ಮಾವನವರು ಒಂದು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಕ್ಕೆ ಬಿಟ್ಟರು. ನೀರಿಗಿಂತ ಒಂದು ಮಾರು ಮೇಲೆಯೇ ದೀಪವು ಮಂಕಾಗಿ ಆರಿಹೋಯಿತು. ಬಳಕೆ ತಪ್ಪಿದ ಬಾವಿಯಲ್ಲಿ ಕೆಟ್ಟ ಗಾಳಿಯು ತುಂಬಿರುವುದು; ದೀಪ ಆರಿದಲ್ಲಿ ಮನುಷ್ಯನು ಇಳಿಯಕೂಡದು. ದೀಪ ಉರಿದ ಮಾತ್ರಕ್ಕೆ ನಿರ್ಭಯವೆಂದೂ ನಂಬಲಾಗದು. ದೀಪವನ್ನು ಆರಿಸದೆಯೇ ಪ್ರಾಣವನ್ನು ತೆಗೆಯುವ ವಿಷವಾಯುಗಳೂ ಉಂಟು. ಮನೆಯ ಹಿರಿಯರು ಇದನ್ನು ನೆನಪಿನಲ್ಲಿಡತಕ್ಕದ್ದು.

ಕೆಲಸವನ್ನು ನಡುಹಗಲಿನಲ್ಲಿಯೇ ಹಿಡಿದೆವು, ಸೂರ್ಯನು ನೆತ್ತಿಯ ಮೇಲಿದ್ದಾಗ ಬೆಳಕು ತಳದವರೆಗೆ ಬೀಳುವುದಾದುದರಿಂದ. ಅದೂ ಸಾಲದೆ ಅತ್ತೆಯವರು ಒಂದು ಕನ್ನಡಿಯನ್ನು ಹಿಡಿದು ಬಿಸಿಲನ್ನು ಬಾವಿಯೊಳಕ್ಕೆ ತಿರುಗಿಸಿದರು. ಬೇಸಗೆಯಾದ್ದರಿಂದ ನೀರು ಮೊಳಕಾಲಿನಷ್ಟೇ ಉಳಿದಿದ್ದಿತು. ಅದರ ಕೆಳಗೆ ಕಪ್ಪು ಕೆಸರು. ಗರಡಿ ಬಿಡುವುದರಲ್ಲಿ ಬಲಕ್ಕಿಂತ ಬೆರಳಿನ ನಯವೇ ಮುಖ್ಯ. ಹಗ್ಗವನ್ನು ಬಿಗಿಹಿಡಿಯದೆ ತಳಕ್ಕೆ ಮುಟ್ಟಿಸಿ, ಗೋಡೆಯ ಸುತ್ತ ಮೆಲ್ಲಮೆಲ್ಲನೆ ಎಳೆಯಬೇಕು. ಕಲ್ಲಿಗೆ ತಾಗಿದರೆ ಹಗ್ಗವು ಜಗ್ಗನೆ ನಿಲ್ಲುವುದು, ಪಾತ್ರೆಗೆ ತಾಗಿದರೆ ಗುಳ್ಳೆಂದು ನಡುಗುವುದು. ಈ ಭೇದವು ಮಾವನವರ ಕೈಗೆ ತಿಳಿದಷ್ಟು ನಮ್ಮ ಕೈಗೆ ತಿಳಿಯಲಿಲ್ಲ.

ಮೊದಲು ಒಂದು ತಗಡಿನ ಬಕೀಟಿನ ಹಿಡಿ ಬಂದಿತು. ಆಮೇಲೆ ಒಂದು ಮುರಿದ ಗಡಗಡೆ. ಅನಂತರ ಕೆಸರು ಮೆತ್ತಿದ ಒಂದು ಪುಟ್ಟ ಚೆಂಬು ಬರಲು, ಗೋಡೆಯಾಚೆಯಿಂದ ಇಣುಕುತ್ತಿದ್ದ ನೆರೆಮನೆಯ ಮುದುಕಿ, “ಅಯ್ಯೋ, ನನ್ನ ಮಗನ ತೊಟ್ಟಿಲದಾಗ ಬಂದ ಚೆಂಬು!” ಎಂದು ಕೂಗಿ, ಕೇಳುವುದಕ್ಕೆ ಮುಂಚೆಯೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಆ ಸುದ್ದಿಯನ್ನು ಕೇಳಿ ಓಣಿಯ ಅರ್ಧ ಹೆಂಗಸರು ಬಂದು ನೆರೆದರು. ಎಂದೋ ಕಳೆದುದನ್ನು ಬಾವಿಗೆ ಬಿದ್ದಿತೆಂದು ನಂಬಿದ್ದವರು ಎಷ್ಟು ಮಂದಿ!

ಮೂರನೆಯ ಜಾವದ ಹೊತ್ತಿಗೆ ಗರಡಿಯು ಈಶಾನ್ಯದ ಮೂಲೆಯಲ್ಲಿ ತಡೆಯಿತು. ಅಲ್ಲಿ ಕಟ್ಟಡದ ಕಲ್ಲೊಂದು ಕಳಚಿ ಒಳಗೆ ಪೊಟರೆಯಾಗಿದ್ದಿತು. ಮಾವನವರು ಹಗ್ಗವನ್ನು ಎರಡು ಬೆರಳಿನಿಂದ ಅಲುಗಿಸಿ, “ಬೋರಲು ಬಿದ್ದಿದೆ” ಎಂದರು. ಹಿಂದೆ ಸಿಕ್ಕದಿದ್ದುದಕ್ಕೆ ಕಾರಣ ಆಗ ಹೊಳೆಯಿತು. ಬೋರಲಾದ ಕೊಡಕ್ಕೆ ಕಂಠವು ಕೆಸರಿನಲ್ಲಿ ಹೂತಿರುವುದರಿಂದ ಕೊಕ್ಕೆಗೆ ಹಿಡಿತವೇ ಇಲ್ಲ; ಮೇಲಾಗಿ ಆಗ ಬಾವಿಯ ತುಂಬ ನೀರು, ಈ ಪೊಟರೆ ಯಾರಿಗೆ ಕಂಡೀತು? ಬಿದಿರಿನ ಗಳವೊಂದನ್ನು ಇನ್ನೊಂದಕ್ಕೆ ಬಿಗಿದು ಇಳಿಬಿಟ್ಟು, ಕೆಸರನ್ನು ಕೆದಕಿ ಕೊಡವನ್ನು ಪಕ್ಕಕ್ಕೆ ಉರುಳಿಸುವ ಹೊತ್ತಿಗೆ ನಮ್ಮ ತೋಳುಗಳು ಸೋತಿದ್ದುವು. ಕೊಕ್ಕೆಯೊಂದು ಕಂಠಕ್ಕೆ ಸಿಕ್ಕಿತು.

ಅಪಾಯವಿರುವುದು ಇಲ್ಲಿಂದ ಮುಂದೆಯೇ. ನೀರಿನೊಳಗಿರುವವರೆಗೆ ಕೊಡವು ಹಗುರ, ಒಳಗಿನ ನೀರಿನ ಭಾರವು ತೋರದು. ನೀರಿನ ಮೈಯನ್ನು ಬಿಟ್ಟು ಮೇಲೇಳುವ ಕ್ಷಣದಲ್ಲಿ ತುಂಬಿದ ನೀರಿನ ಭಾರವೆಲ್ಲ ಒಂದೇ ಕೊಕ್ಕೆಯ ಮೇಲೆ ಬೀಳುವುದು. ಹತ್ತು ಲೀಟರು ಹಿಡಿಯುವ ಕೊಡವಾದರೆ ಹತ್ತು ಕಿಲೋ ಒಮ್ಮೆಗೇ ಕೂಡಿದಂತೆ. ಎಷ್ಟೋ ಕೊಡಗಳು ಕಣ್ಣಿಗೆ ಕಂಡು ಮತ್ತೆ ಮುಳುಗುವುದು ಈ ಎಡೆಯಲ್ಲಿಯೇ. ಮಾವನವರು ಅಲ್ಲಿ ನಿಲ್ಲಿಸಿ, ಗಳದಿಂದ ಕೊಡದ ತಳವನ್ನು ಎತ್ತಿ ವಾಲಿಸಿ, ನೀರನ್ನೂ ಕೆಸರನ್ನೂ ಹೊರಚೆಲ್ಲಿಸಿ, ಆಮೇಲೆ ಎಳೆದರು. ಯಾರೂ ಮಾತನಾಡಲಿಲ್ಲ. ರಾಟೆಯಿಲ್ಲದ ಬಾವಿಯಾದುದರಿಂದ ಹಗ್ಗವು ಕಟ್ಟೆಯ ಕಲ್ಲಿಗೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

ಕೊಡವು ಕಟ್ಟೆಯ ಮೇಲೆ ಬಂದು ಕುಳಿತಿತು. ಕಪ್ಪು ಹಸುರು ಬಣ್ಣ. ಒಂದು ಪಕ್ಕ ನೆಗ್ಗಿದ್ದಿತು. ಅತ್ತೆಯವರು ಹುಣಿಸೆಹಣ್ಣನ್ನೂ ಬೂದಿಯನ್ನೂ ತಂದು ಕಂಠದ ಕೆಳಗಿನ ಭಾಗವನ್ನು ಮಾತ್ರ ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಚುಕ್ಕಿಗಳು ಒಂದೊಂದಾಗಿ ಮೇಲೆದ್ದುವು. ಓದು ಬಲ್ಲವರು ಬಾಗಿ ಓದಿದರು. ಅಜ್ಜಿಯ ಹೆಸರೇ ಅದು.

ಮಾವನವರು ಬಹಳ ಹೊತ್ತು ಹಗ್ಗವನ್ನು ಸುತ್ತುತ್ತ ನಿಂತಿದ್ದರು. ಕೊನೆಗೆ, “ನಿಮ್ಮ ಅಣ್ಣನ ಮನೆಗೆ ನಾಳೆ ಹೋಗಿಬರೋಣು” ಎಂದರು. ಅತ್ತೆಯವರು ಉತ್ತರವನ್ನು ಕೊಡಲಿಲ್ಲ. ಮರುದಿನ ನಾವೆಲ್ಲರೂ ಸಿಂಧನೂರಿನ ಬಸ್ಸನ್ನು ಹತ್ತಿದುದೂ, ಅಲ್ಲಿ ಅಣ್ಣನ ಮಕ್ಕಳು ಆ ಕೊಡವನ್ನು ಕಂಡು ಏನೆಂದರೆಂಬುದೂ ಮನೆಯ ಮಾತಾದುದರಿಂದ ಇಲ್ಲಿ ಬರೆಯುವುದಿಲ್ಲ.

ಆದರೆ ಅಂದಿನ ಸಂಜೆಯ ಸಂಗತಿಯೊಂದನ್ನು ಹೇಳಬಹುದು. ಗರಡಿಯನ್ನು ಹಿಂದಕ್ಕೆ ಕೊಟ್ಟು ಒತ್ತೆಯ ತಂಬಿಗೆಯನ್ನು ಬಿಡಿಸಿಕೊಂಡು ಬರಬೇಕಾಗಿದ್ದಿತು. ನಾವು ಹೋಗುವೆವೆಂದರೆ ಅತ್ತೆಯವರು ಒಪ್ಪಲಿಲ್ಲ. ಗರಡಿಯನ್ನು ಹುಡುಗನ ಕೈಗೆ ಕೊಟ್ಟರು; ಕೊಡಕ್ಕೆ ನಲ್ಲಿಯ ನೀರನ್ನು ತುಂಬಿ ಅದನ್ನು ತಾವೇ ಸೊಂಟದ ಮೇಲಿಟ್ಟುಕೊಂಡರು. ಗರಡಿಯ ಮನೆಗೆ ನೇರವಾದ ದಾರಿ ನೂರು ಹೆಜ್ಜೆಯೂ ಇಲ್ಲ. ಅವರು ಆ ದಾರಿಯನ್ನು ಬಿಟ್ಟು, ಗುಡಿಯ ಮುಂದಿನಿಂದ ಹಾಯ್ದು, ಓಣಿಯನ್ನೆಲ್ಲ ಬಳಸಿಕೊಂಡು, ಪ್ರತಿಯೊಂದು ಬಾಗಿಲಿನ ಎದುರಿಗೂ ನಿಧಾನವಾಗಿ ನಡೆದು ಹೋದರು.